ಸೌಟು ಮೇಡಂಗೆ ಉಳಿದ ಒಂದು ಪದ

ಹೋಟೆಲ್ ಅಡುಗೆ ಕಲಿಸುವ ಆ ಶಾಲೆಯಲ್ಲಿ, ಹೊಸ ತರಗತಿಯ ಮೊದಲ ದಿನ ಮೇಡಂ ಒಲೆ ಹಚ್ಚುತ್ತಿರಲಿಲ್ಲ. ಹಲಗೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ saute ಎಂಬ ಒಂದೇ ಪದ ಬರೆದು ಎಲ್ಲರಿಂದಲೂ ಓದಿಸುತ್ತಿದ್ದರು. ಅಕ್ಷರ ನೋಡಿಕೊಂಡು ಒಬ್ಬ ‘ಸಾಟ್’ ಎಂದರೆ ಇನ್ನೊಬ್ಬಳು ‘ಸೌಟೆ’ ಎನ್ನುತ್ತಿದ್ದಳು.

“ಸೌಟು ಕೈಯಲ್ಲಿರ್ಲಿ, ಬಾಯಿಗ್ಯಾಕೆ ತುರುಕ್ಕೊಳ್ತೀಯ? ಸೋಟೇ. ಕೊನೇನ ನುಂಗ್ಬೇಡ.”

“ಬಾಡಿಸೋದು ಅಂದ್ರೆ ಸಾಲ್ದಾ ಮೇಡಂ?”

“ಮನೇಲಿ ಸಾಕು. ದೊಡ್ಡ ಹೋಟ್ಲಲ್ಲಿ ಮೇಲಿನವ್ರು ಕೂಗಿದ್ದು ತಿಳೀದಿದ್ರೆ ಬಾಡೋದು ನಿನ್ನ ಮುಖ.”

ಬಾಣಲೆ ಚೆನ್ನಾಗಿ ಕಾದಿರಬೇಕು, ಎಣ್ಣೆ ತಳಕ್ಕೆ ಸವರಿದಷ್ಟೇ ಇರಬೇಕು, ಹೆಚ್ಚಿದ ತರಕಾರಿ ಒಂದೆಡೆ ಕೂರದೆ ಕುಣಿಯುತ್ತಿರಬೇಕು ಎಂಬುದೆಲ್ಲ ಆಮೇಲೆ. ಮೊದಲು ಪದ. ಹುಡುಗರು ಬೆನ್ನ ಹಿಂದೆ ಸೌಟು ಮೇಡಂ ಎಂದು ಕರೆಯುತ್ತಿದ್ದರು. ಆಕೆಗೆ ಅದು ಗೊತ್ತಿತ್ತು.

ಈ ಹಟಕ್ಕೆ ಕಾರಣವಿತ್ತು. ಹಾಸ್ಟೆಲೊಂದರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದವರು ಆಕೆ. ದೊಡ್ಡ ಹೋಟೆಲಿಗೆ ಸೇರಿದ ದಿನ ಇದೇ ಪದವನ್ನು ತಪ್ಪಾಗಿ ಅಂದು ಇಡೀ ಅಡುಗೆಮನೆಯನ್ನು ನಗಿಸಿದ್ದರು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು, ನಾಲಿಗೆ ಪಳಗುವವರೆಗೆ ಹೇಳಿಕೊಂಡರು. ಮದುವೆಯಾಗಲಿಲ್ಲ. ಮನೆಯಲ್ಲಿ ಇದ್ದವನು ದರ್ಜಿ ಕೆಲಸದ ತಮ್ಮ ಒಬ್ಬನೇ. ಉಳಿದ ಬದುಕೆಲ್ಲ ಶಾಲೆ.

ಒಂದು ದಿನ ಪಾಠದ ನಡುವೆಯೇ ಕುಸಿದು ಬಿದ್ದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕಾಲು ಸ್ವಾಧೀನಕ್ಕೆ ಬಂತು, ಬಲಗೈ ಅಷ್ಟಿಷ್ಟು ಬಂತು, ಮಾತು ಬರಲಿಲ್ಲ. ಬರಹವೂ ಹೋಗಿತ್ತು. ಹೊಸ ತರಗತಿ ಶುರುವಾಗುವವರೆಗೆ ಜಾಗ ಖಾಲಿ ಇಡುತ್ತೇನೆ, ಅಷ್ಟರಲ್ಲಿ ಬಂದು ಒಂದು ಪಾಠ ಮಾಡಿ ತೋರಿಸಲಿ ಎಂದು ಪ್ರಿನ್ಸಿಪಾಲರು ಹೇಳಿ ಕಳಿಸಿದರು.

ಮಾತು ಕಲಿಸಲು ಬರುತ್ತಿದ್ದ ಹುಡುಗಿ ಬಾಚಣಿಗೆ, ಲೋಟ, ಬೀಗದ ಕೈ ಎಂದು ಚಿತ್ರ ತೋರಿಸುತ್ತಿದ್ದಳು. ಆಕೆಯ ತುಟಿ ಅಲುಗುತ್ತಿತ್ತು, ಸ್ವರ ಹೊರಡುತ್ತಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ತಮ್ಮನು ಒಲೆಯ ಮುಂದೆ ಈರುಳ್ಳಿ ಸೀಯಿಸುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ಆಕೆ ಸ್ಪಷ್ಟವಾಗಿ, ಕೊನೆ ನುಂಗದೆ, “ಸೋಟೇ” ಎಂದರು.

ತಮ್ಮನು ಸೌಟು ಬಿಸಾಡಿ ಬೀದಿಗೆ ಓಡಿದ. “ಅಕ್ಕ ಮಾತಾಡಿದ್ಳು! ಮಾತಾಡಿದ್ಳು ಅಂದ್ರೆ, ಬೈದ್ಳು ಕಣ್ರೋ!”

ನೆರೆಯವರು ಪವಾಡವೆಂದರು. ಪವಾಡವೇನೂ ಆಗಿರಲಿಲ್ಲ. ಸಂಜೆ ಆಕೆ ನೀರು ಕೇಳಿದರು: “ಸೋಟೇ.” ಬಾಚಣಿಗೆಗೂ ಅದೇ, ಕಿಟಕಿ ಮುಚ್ಚು ಎನ್ನಲೂ ಅದೇ. ತಮ್ಮನನ್ನು ಹೆಸರು ಹಿಡಿದು ಕೂಗುವ ಧಾಟಿಯಲ್ಲೂ ಅದೇ.

“ನೋಡಿ, ಇಂಥ ಕಾಯಿಲೇಲಿ ಕೆಲವ್ರಿಗೆ ಒಂದೇ ಪದ ಉಳ್ಕೊಳ್ಳುತ್ತೆ,” ಎಂದಳು ಮಾತು ಕಲಿಸುವ ಹುಡುಗಿ. “ಏನ್ ಹೇಳಕ್ಕೆ ಹೋದ್ರೂ ಬಾಯಿಗೆ ಅದೇ ಬರುತ್ತೆ. ತಾವು ಸರಿಯಾಗೇ ಹೇಳ್ತಿದೀವಿ ಅಂದ್ಕೊಂಡಿದಾರೆ ಅವ್ರು.”

“ಒಂದು ಬಂದಿದೆಯಲ್ಲಮ್ಮಾ. ಹಿಂದೇನೇ ಉಳಿದಿದ್ದೂ ಬರುತ್ತೆ ಬಿಡಿ,” ಎಂದು ತಮ್ಮನು ಪಾಠದ ದಿನಕ್ಕೆಂದು ಅಕ್ಕನ ರವಿಕೆಗೆ ಇಸ್ತ್ರಿ ಹಾಕಿದ.

ತರಗತಿಯಲ್ಲಿ ಹೊಸ ಮುಖಗಳು. ಪ್ರಿನ್ಸಿಪಾಲರು ಹಿಂದಿನ ಬೆಂಚಿನಲ್ಲಿ, ಆಕೆಯ ತಮ್ಮ ಬಾಗಿಲ ಬಳಿ. ಆಕೆ ಒಲೆ ಹಚ್ಚಿ, ಬಾಣಲೆ ಇಟ್ಟು, ಎಡಗೈಯಿಂದಲೇ ಈರುಳ್ಳಿ ಹಾಕಿ “ಸೋಟೇ” ಎಂದರು. ಹುಡುಗರು ಒಟ್ಟಾಗಿ “ಸೋಟೇ” ಎಂದರು. ಪ್ರಿನ್ಸಿಪಾಲರ ಮುಖ ಅರಳಿತು.

ಆಕೆ ಎಣ್ಣೆಯ ಸೀಸೆ ಎತ್ತಿ ಹಿಡಿದು, ವಿವರಿಸುವ ಧ್ವನಿಯಲ್ಲಿ, “ಸೋಟೇ, ಸೋಟೇ ಸೋಟೇ,” ಎಂದರು. ನಾಲ್ಕಾರು ಜನ ಅನುಮಾನದಿಂದ ಅದನ್ನೇ ಅಂದರು. ಚಾಕು ತೋರಿಸಿ ಹೇಳಿದಾಗ ಒಬ್ಬಳು ಕಿಸಕ್ಕನೆ ನಕ್ಕಳು.

ಆಕೆ ಹಿಂದೆಲ್ಲ ಗದರುತ್ತಿದ್ದಂತೆಯೇ ಬೆರಳೆತ್ತಿ ಗದರಿದರು. ಬಾಯಿಂದ ಬಂದದ್ದು ಅದೇ ಪದ, ಮತ್ತೆ ಮತ್ತೆ. ಈ ಸಲ ಯಾರೂ ನಗಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ತಲೆ ತಗ್ಗಿಸಿದಳು. ಆಕೆ ಆ ತಗ್ಗಿದ ತಲೆಯನ್ನು ನೋಡಿದರು, ಪ್ರಿನ್ಸಿಪಾಲರನ್ನು ನೋಡಿದರು, ಆಮೇಲೆ ತಮ್ಮನನ್ನು. ಅವನು ಕಣ್ಣು ಒರೆಸಿಕೊಳ್ಳುತ್ತಿದ್ದ. ಬಾಯಿಂದ ಬರುತ್ತಿರುವುದು ಅದೊಂದೇ ಪದವೆಂದು ಆಗ ತಿಳಿಯಿತು ಆಕೆಗೆ. ಮಾತು ನಿಲ್ಲಿಸಿ, ಒಲೆ ಆರಿಸಿ, ಮೇಜು ಒರೆಸಿದರು.

“ನಿಧಾನಕ್ಕೆ ಸುಧಾರಿಸ್ಕೊಳ್ಳಿ ಮೇಡಂ,” ಎಂದರು ಪ್ರಿನ್ಸಿಪಾಲರು. ಬೇರೆ ಮೇಡಂ ಆ ವಾರವೇ ಬಂದರು.

ಮನೆಯಲ್ಲಿ ಆಕೆ ಬಾಯಿ ತೆರೆಯುವುದನ್ನೇ ಬಿಟ್ಟರು. ಹುಡುಗಿ ಚಿತ್ರಗಳನ್ನು ಹರಡಿದರೆ ಒಟ್ಟುಮಾಡಿ ಅವಳ ಚೀಲಕ್ಕೆ ಹಾಕುತ್ತಿದ್ದರು. ಕೆಲವು ದಿನಗಳ ಮೇಲೆ ಅವಳೂ ಬರಲಿಲ್ಲ.

“ಏನಾದ್ರೂ ಅನ್ನಕ್ಕಾ,” ಎಂದು ತಮ್ಮ ಅಂಗಲಾಚಿದ. “ತಪ್ಪೋ ಒಪ್ಪೋ, ಇಲ್ಲಿ ನಾನೊಬ್ನೇ ತಾನೇ ಕೇಳೋದು?”

ನೀರು ಬೇಕಾದಾಗ ಆಕೆ ಎದ್ದು ತಾವೇ ಕುಡಿಯುತ್ತಾರೆ. ಕೈಗೆ ಎಟುಕದ್ದನ್ನು ಬೆರಳಲ್ಲಿ ತೋರಿಸುತ್ತಾರೆ. ಅವನು ಊಹಿಸಿದ್ದು ತಪ್ಪಾದರೆ, ಬೇಡವೆಂದು ತಲೆಯಾಡಿಸಿ ಸುಮ್ಮನಾಗುತ್ತಾರೆ.