ಜುಮ್ ಅಂದರೆ ಒಳ್ಳೆಯದಂತೆ

ನಮ್ಮ ಭಾವನಿಗೆ ಕ್ಷೌರದಂಗಡಿ ಇದೆ. ಕತ್ತಿ ಹಿಡಿದರೆ ಗಿರಾಕಿ ಕುರ್ಚಿಯಲ್ಲೇ ಗೊರಕೆ ಹೊಡೆಯಬೇಕು, ಅಷ್ಟು ಹಗುರವಾದ ಕೈ. ಬಾಯಿಗೆ ಮಾತ್ರ ಬೀಗ. ದಾರಿ ತಪ್ಪಿದರೂ ಯಾರನ್ನೂ ಕೇಳದೆ ಊರೆಲ್ಲ ಸುತ್ತಿ ಬರುವ ಪೈಕಿ. ಗಿರಾಕಿಗಳು 'ಕಡ್ಡಿ ಪೈಲ್ವಾನ್' ಎಂದು ರೇಗಿಸುವುದನ್ನು ಕೇಳಿ ಕೇಳಿ ರೋಸಿಹೋಗಿ, ಭಾವ ಕಬ್ಬಿಣದ ಸರಳು, ಭಾರದ ಬಿಲ್ಲೆಗಳನ್ನು ತಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಎತ್ತಲು ಶುರುಮಾಡಿದರು.

ಕಲಿಸುವವರಿಲ್ಲ. ಫೋನಿನಲ್ಲಿ ಭಾರ ಎತ್ತುವವರ ಒಂದು ಹರಟೆಕಟ್ಟೆ ಸಿಕ್ಕಿತು. ಅದರ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ, 'ಹೊಸಬರೇ, ಮೊದಲು ಹುಡುಕಿ ಓದಿ, ಆಮೇಲೆ ಕೇಳಿ' ಎಂದಿತ್ತು. ಹುಡುಕದೆ ಕೇಳಿದವರಿಗೆ 'ಹಳೇ ಕಬ್ಬಿಣ' ಎಂಬ ಹೆಸರಿನ ಹಿರಿಯನೊಬ್ಬ ಎಲ್ಲರೆದುರು ನೀರಿಳಿಸುತ್ತಿದ್ದ. ಮೊದಲೇ ಪುಕ್ಕಲು ನಮ್ಮ ಭಾವ. ಬಾಯಿಗೆ ಇನ್ನೊಂದು ಬೀಗ ಬಿತ್ತು.

ಕೆಲವು ವಾರಗಳಲ್ಲಿ ಬಲಗೈಯ ಕಿರುಬೆರಳು, ಅದರ ಪಕ್ಕದ್ದು ಜುಮ್ ಅನ್ನತೊಡಗಿದವು. ಹೆದರಿ ಹುಡುಕಿದರು: 'ಕೈ ಜುಮ್ ಅನ್ನುತ್ತೆ.' ರಾಶಿ ರಾಶಿ ಉತ್ತರ. 'ಜುಮ್ ಅಂತಾ? ಹಾಗಾದ್ರೆ ಸರಿಯಾಗಿ ಎತ್ತಿದೀಯ. ಇನ್ನೂ ಎತ್ತು!' ಆ ಕಟ್ಟೆಯವರ ಭಾಷೆಯಲ್ಲಿ ಜುಮ್ ಎಂದರೆ ತೋಳಿಗೆ ರಕ್ತ ನುಗ್ಗಿ ಬರುವ ಹುರುಪು. ಕೇಳದ ಮನುಷ್ಯನಿಗೆ ಇದು ಹೇಗೆ ಗೊತ್ತಾಗಬೇಕು? ಇನ್ನೂ ಎತ್ತಿದರು. ಬೆರಳು ಮರಗಟ್ಟಿದವು.

ಆ ಬೆಳಿಗ್ಗೆ ಕುರ್ಚಿಯಲ್ಲಿದ್ದವನು ನಾನು. ನೊರೆ ಹಚ್ಚಿ, ಗಲ್ಲ ಎತ್ತಿ, ಕತ್ತಿಯನ್ನು ಗಂಟಲಿಗೆ ತಂದರು. ಕನ್ನಡಿಯಲ್ಲಿ ಕಂಡಿತು: ಕತ್ತಿಯ ಹಿಡಿ ಬೆರಳುಗಳಿಂದ ಜಾರುತ್ತಿದೆ, ಅವರಿಗೆ ಅದರ ಅರಿವೇ ಇಲ್ಲ.

"ಭಾವ, ಕೈ!"

ಕತ್ತಿ ನೆಲಕ್ಕೆ ಬಿತ್ತು. ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿ "ಆಮೇಲೆ ಬರ್ತೀನಿ" ಎಂದು ಮೆಲ್ಲಗೆ ಜಾಗ ಖಾಲಿ ಮಾಡಿದ.

"ಯಾವಾಗಿಂದ ಹೀಗೆ? ನಡೀರಿ ಡಾಕ್ಟರ ಹತ್ರ."

"ಜುಮ್ ಅಂದ್ರೆ ಒಳ್ಳೇದಂತೆ ಕಣೋ. ಎಲ್ಲಾ ಬರ್ದಿದಾರೆ." ಭಾವ ಕತ್ತಿ ಎತ್ತಿಕೊಳ್ಳಲು ಬಗ್ಗಿದರು.

"ನೀವು ಕೇಳಿದ್ರಾ?"

"ಇನ್ನೂ ಹುಡುಕ್ತಾ ಇದೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕನ ಮನೆಯ ಒಲೆ ಉರಿಯುವುದೇ ಆ ಕೈಯಿಂದ. "ಹಾಗಾದ್ರೆ ಅವರನ್ನೇ ಕೇಳಿ, ನನ್ನೆದುರಿಗೆ. ಇಲ್ಲಾಂದ್ರೆ ಅಕ್ಕನ್ನ ಕರೀತೀನಿ."

ಅಕ್ಕನ ಹೆಸರು ಕೆಲಸ ಮಾಡಿತು. ಮೂರು ಸಲ ಕ್ಷಮೆ ಕೋರಿ, ಕೊನೆಗೆ 'ಕೈ ಜುಮ್ ಅನ್ನುತ್ತೆ, ಒಳ್ಳೇದಾ?' ಎಂದು ಬರೆದರು. ಉತ್ತರ ಬಂದದ್ದು ಹಳೇ ಕಬ್ಬಿಣದಿಂದಲೇ. ಭಾವ ಕಣ್ಣು ಮುಚ್ಚಿಕೊಂಡರು. ನಾನು ಓದಿದೆ.

'ಜುಮ್ ಎಲ್ಲಿ? ತೋಳಲ್ಲೋ, ಬೆರಳಲ್ಲೋ?'

'ಬೆರಳಲ್ಲಿ. ಈಗ ಮುಟ್ಟಿದ್ರೂ ಗೊತ್ತಾಗಲ್ಲ.'

ಬಹಳ ಹೊತ್ತು ಏನೂ ಬರಲಿಲ್ಲ. ಬೈಗುಳ ತಯಾರಾಗುತ್ತಿದೆ ಎಂದುಕೊಂಡೆವು.

'ಸರಳು ಮುಟ್ಟಬೇಡ. ಈಗಲೇ ನರದ ಡಾಕ್ಟರ ಹತ್ರ ಓಡು. ನಾನೂ ಯಾರನ್ನೂ ಕೇಳದೆ ಹುಡುಕ್ತಾ ಕೂತವನೇ. ಉತ್ತರ ತಡ ಆಯ್ತಾ? ಎಡಗೈಲಿ ಬರೀತಿದೀನಿ, ಅದಕ್ಕೆ.'

ಭಾವ ಅಂಗಡಿಯ ಬಾಗಿಲು ಎಳೆದರು. ಬೀಗದ ಕೈ ತಿರುಗಿಸಲು ಅವರಿಂದ ಆಗಲಿಲ್ಲ; ನಾನೇ ಹಾಕಿದೆ. ಮುಖದ ನೊರೆಯನ್ನು ತೋಳಿಗೆ ಒರೆಸಿಕೊಳ್ಳುತ್ತಾ ಹಿಂದೆ ಓಡಿದೆ. ಅವರು ಆಗಲೇ ಬೀದಿಯಲ್ಲಿ ಒಬ್ಬರನ್ನು ತಡೆದು ನಿಲ್ಲಿಸಿದ್ದರು.

"ಸ್ವಾಮಿ, ನರದ ಡಾಕ್ಟರು ಎಲ್ಲಿದಾರೆ?"

ಆತ ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರನ್ನು ಕೇಳುತ್ತಿದ್ದರು.