ಒಂದನೇ ನಂಬರಿನ ಆಸೆ

ಸರ್ವರ್ ನೋಡಿಕೊಳ್ಳುವ ವಿದ್ಯೆಗೆ ನಾನು ತೆತ್ತದ್ದು ಒಂದು ಹಂಗಾಮಿನ ಮಧ್ಯಾಹ್ನದ ನಿದ್ದೆ, ಮೇಲೆ ಎರಡು ಪೆಟ್ಟಿಗೆ ಒಣದ್ರಾಕ್ಷಿ. ನಿದ್ದೆ ಯಾಕೆಂದರೆ ವಿಜಯಪುರದ ಜೋರಾಪುರ ಪೇಟೆಯ ಶಮೀಮ್ ಬಾಯಾರ, ಅಂದರೆ ನಮ್ಮ ಟೀಚರಮ್ಮನ, ಕಂಪ್ಯೂಟರ್ ಕ್ಲಾಸು ಆ ಹೊತ್ತಿಗೇ ಇತ್ತು. ದ್ರಾಕ್ಷಿ ಯಾಕೆಂದರೆ, ಫೀ ಇಳಿಸಿರೆಂದು ನಾನು ಚೌಕಾಸಿಗೆ ಕೂತೆ. ಅವರು ಪೈಸೆ ಇಳಿಸದೆ ದ್ರಾಕ್ಷಿಯನ್ನೂ ಕೇಳಿ ಪಡೆದರು. ನನ್ನನ್ನು ವ್ಯಾಪಾರದಲ್ಲಿ ಸೋಲಿಸಿದವರ ಹತ್ತಿರ ಕಲಿಯುವುದು ಬಹಳ ಇರಬೇಕು ಅನ್ನಿಸಿತು, ಸೇರಿಬಿಟ್ಟೆ. ಇವತ್ತು ಬೆಳಿಗ್ಗೆ ದ್ರಾಕ್ಷಿ ಪೆಟ್ಟಿಗೆಯೊಂದರ ಮುಚ್ಚಳ ತೆಗೆದಾಗ ಬಂದ ಸಿಹಿ ಹುಳಿ ವಾಸನೆಗೆ ಇದೆಲ್ಲ ನೆನಪಾಯಿತು ನೋಡಿ.

ತಿಕೋಟಾದಲ್ಲಿ ಒಣದ್ರಾಕ್ಷಿ ಇಡುವ ನನ್ನದೊಂದು ಸಣ್ಣ ಕೋಲ್ಡ್ ಸ್ಟೋರೇಜ್. ರೈತರು ತಮ್ಮ ಮಾಲನ್ನೂ ಕೋಣೆಯ ಥಂಡಿಯನ್ನೂ ಪರದೆಯ ಮೇಲೆ ನೋಡಲೆಂದು ಸರ್ವರ್ ತಂದಿದ್ದೆ. ಕೆಟ್ಟಾಗಲೆಲ್ಲ ಪರಊರಿನವನ ದಾರಿ ಕಾಯುವುದಕ್ಕಿಂತ ನಾನೇ ಕಲಿಯುವುದು ಲೇಸಲ್ಲವೆ?

“ಪ್ರೊಟೊಕಾಲ್ ಅಂದ್ರ ಮಷಿನ್‌ಗಳ ರೀತಿ ರಿವಾಜ ರೀ ಸಾವಕಾರ್ರ,” ಎಂದು ಬಾಯಾರು ಶುರು ಮಾಡಿದರು. “ದನದ ಸಂತ್ಯಾಗ ಟಾವೆಲ್ ಕೆಳಗ ಕೈ ಕೂಡಿದ ಮ್ಯಾಲೇ ವ್ಯಾಪಾರದ ಮಾತಲ್ಲೇನ್ರಿ? ಇಲ್ಲೂ ಹಂಗ. ಒಂದು ‘ಅದೀಯೇನ’ ಅಂತದ. ಇನ್ನೊಂದು ‘ಅದೇನಿ, ನೀ ಅದೀಯೇನ’ ಅಂತದ. ಮೊದಲಿಂದು ‘ಅದೇನಿ’ ಅಂದ ಮ್ಯಾಲೇ ಕೆಲಸ.” ನೆಟ್ ಹಂಚುವ ಪೆಟ್ಟಿಗೆ, ಅಂದರೆ ರೌಟರ್, ಎಲ್ಲ ಮಷಿನ್‌ಗೂ ವಿಳಾಸ ಹಂಚುವುದು ಹೊಲ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟ ಹಾಗೆ, ಮುದ್ದತ್ತು ಮುಗಿದರೆ ವಾಪಸು. ಸರ್ವರಿಗೆ ಮಾತ್ರ ಖಾಯಂ ವಿಳಾಸ ಬೇಕು. ಇಷ್ಟು ತಿಳಿದದ್ದೇ ನಾನು ಪಂಡಿತನಾದೆ.

ಪರದೆ ತೋರಿಸುವ ದಿನ ಬಿಜ್ಜರಗಿ, ಘೋಣಸಗಿಯ ರೈತರೆಲ್ಲ ಬಂದರು. ಬಬಲೇಶ್ವರದ ಮಲ್ಲಪ್ಪಕಾಕಾ, ನಮ್ಮ ಕಡೆಯ ದೊಡ್ಡ ಬೆಳೆಗಾರ, ಮಾಲು ತುಂಬಿದ ಗಾಡಿ ಬಾಗಿಲಲ್ಲೇ ನಿಲ್ಲಿಸಿ ಖಡಕ್ಕಾಗಿ ಹೇಳಿಬಿಟ್ಟಿದ್ದ: “ಮನಸಿಗೆ ಬಂದ್ರ ಈ ಸಲದ ಮಾಲೆಲ್ಲಾ ನಿನ್ನಲ್ಲಿ. ಇಲ್ಲಂದ್ರ ವಿಜಯಪುರಕ್ಕ.” ಅವನು ಹೋದರೆ ಉಳಿದವರೂ ಅವನ ಹಿಂದೆಯೇ.

ಅವರೆಲ್ಲ ಚಹಾ ಕುಡಿಯುತ್ತಿದ್ದಾಗ ನಾನು ಸರ್ವರಿನ ಖಾಯಂ ವಿಳಾಸ ಹಾಕಲು ಕೂತೆ. ವಿಳಾಸವೆಂದರೆ ನಡುನಡುವೆ ಚುಕ್ಕಿ ಇಟ್ಟ ನಾಲ್ಕು ಸಂಖ್ಯೆ, ಕೊನೆಯದು ಯಾವುದಿರಲಿ? ನನ್ನ ಜೀಪಿನ ನಂಬರು ಒಂದು. ಅದಕ್ಕೆಂದು ಆರ್‌ಟಿಓ ಆಫೀಸು ಅಲೆದವನು ನಾನು. ಇಲ್ಲಿ ಪುಕ್ಕಟೆ ಸಿಗುವಾಗ ಬಿಡುವುದುಂಟೆ? ಒಂದು ಅಂತಲೇ ಒತ್ತಿದೆ. ಪರದೆ ಖಾಲಿ. ಆಫೀಸಿನ ನೆಟ್ಟೂ ಬಂದ್.

“ಏನಪಾ, ನಮ್ಮ ಮಾಲೂ ಹಿಂಗ ಮಾಯ ಆಗ್ತದೇನ?” ಎಂದ ಕಾಕಾ. ಎಲ್ಲರೂ ಘೊಳ್ಳೆಂದರು. ಬೆವರುತ್ತ ಬಾಯಾರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ.

“ಎಷ್ಟ ಹಾಕೀರಿ?”

“ಒಂದ್ರಿ.”

“ಯಾಕ?”

“ಚೊಲೋ ನಂಬರ ಅಂತ…”

ಬಾಯಾರು ನಕ್ಕದ್ದು ಅಂಗಳಕ್ಕೂ ಕೇಳಿಸಿತು. “ಅದು ರೌಟರಿನ ಮನಿ ರೀ! ಲಾವಣಿ ಕೊಡೋ ಮಾಲಕನ ಗಾದಿ ಮ್ಯಾಲೆ ಹೋಗಿ ಕುಂತೀರಿ. ಯಾರ ಬಾಗಲಾ ಬಡೀಬೇಕಂತ ಉಳದ ಮಷಿನ್‌ಗಳಿಗೆ ತಿಳೀವಲ್ದು. ಇನ್ನೂರರ ಮ್ಯಾಲಿನ ನಂಬರ ನಾ ನಿಮ್ಮ ರೌಟರಿನ್ಯಾಗ ಲಾವಣಿ ಇಲ್ಲದಂಗ ಇಟ್ಟೀನಿ, ಇನ್ನೂರಾ ಹದಿಮೂರಕ್ಕ ಸರೀರಿ.”

ಸರಿದೆ. ಪರದೆಯ ಮೇಲೆ ಕಾಕಾ ನಮೂನೆಗೆಂದು ಮೊದಲೇ ತಂದಿಟ್ಟಿದ್ದ ಪೆಟ್ಟಿಗೆಗಳೂ ಕೋಣೆಯ ಥಂಡಿಯೂ ಮೂಡಿದವು. ಕಾಕಾ ಪೆಟ್ಟಿಗೆಗಳನ್ನು ಬೆರಳಿಟ್ಟು ಎಣಿಸಿ, ಮೀಸೆ ಒರೆಸಿಕೊಂಡ. “ಮಂದಿ ಮುಂದ ಫೋನ್ ಹಚ್ಚಿ ನಗಸ್ಕೊಂಡಿ ಲೇ. ಹಿಂಗ ತನ್ನ ತಪ್ಪು ಮುಚ್ಚಿಡದಾಂವ ನಮ್ಮ ಮಾಲೂ ಮುಚ್ಚಿಡಾಂವ ಅಲ್ಲ. ನಡೀರೋ, ಗಾಡಿ ಇಲ್ಲೇ ಇಳಸ್ರಿ.”

ನೀವೂ ಈ ಕೆಲಸಕ್ಕೆ ಇಳಿಯುವವರಾದರೆ ಕೇಳಿ. ಹೊಸ ವಿಳಾಸ ಹಾಕುವ ಮೊದಲು ಅದಕ್ಕೊಂದು ಪಿಂಗ್ ಕಳಿಸಿ, ಹೊಸ್ತಿಲಲ್ಲಿ ನಿಂತು “ಯಾರದೀರಿ ಒಳಗ?” ಅಂದ ಹಾಗೆ. ಒಳಗಿಂದ “ಓ” ಎಂದರೆ ಬೇರೆ ಜಾಗ ನೋಡಿಕೊಳ್ಳಿ. ಉತ್ತರ ಬರಲಿಲ್ಲವೆಂದೂ ನುಗ್ಗಬೇಡಿ. ಚಂದಾ ಕೇಳುವವರು ಬಂದಾಗ ಒಳಗಿದ್ದೂ ಉಸಿರು ಬಿಡದವರು ನಮ್ಮಲ್ಲಿಲ್ಲವೆ? ಕೆಲವು ಮಷಿನ್‌ಗಳೂ ಹಾಗೆಯೇ. ಯಾವ ವಿಳಾಸ ಯಾರಿಗೆ ಕೊಟ್ಟಿದೆಯೆಂಬ ರೌಟರಿನ ಪಟ್ಟಿ ಒಮ್ಮೆ ತೆಗೆದು ನೋಡಿ, ಆಮೇಲೆ ಒಳಗೆ ಕಾಲಿಡಿ.