ಕೈ ಬಿಟ್ಟರೆ ನಿಲ್ಲುವ ಮಷೀನು

ಮೊನ್ನೆ ಸಿಂದಗಿ ಬಸ್ಸಿನಲ್ಲಿ ಪಕ್ಕದವರ ಕೈಚೀಲದಿಂದ ಆಗಷ್ಟೇ ಕೊಯ್ದ ಬೇವಿನ ಕಟ್ಟಿಗೆಯ ವಾಸನೆ ಬಂತು. ಕಹಿ, ಸ್ವಲ್ಪ ಸುಟ್ಟಂಥದು. ಇಂಡಿ ಊರಲ್ಲಿ ನಮ್ಮ ಗೋಡೆಗೆ ಹೊಂದಿಕೊಂಡಿರುವ ಬಡಗಿಯ ಅಂಗಳ, ಅಲ್ಲಿ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದ, ನಾನು ಅತ್ತಿಗೆಯಂತೆ ವೈನಿ ಎಂದು ಕರೆಯುತ್ತಿದ್ದ ಬಡಗಿಯ ಹೆಂಡತಿ ಕಣ್ಣ ಮುಂದೆ ಬಂದರು...

ನಾನು ಮದುವೆಯಾಗಿ ಆ ಓಣಿಗೆ ಬಂದಾಗ ವೈನಿಯ ಗಂಡ ಬಾಗಿಲು, ಚೌಕಟ್ಟು ಮಾಡುತ್ತಿದ್ದರು. ಅಳತೆ ಹಿಡಿಯುವುದು, ಉಜ್ಜುವುದು, ಪಾಲಿಶ್ ಹಚ್ಚುವುದು ವೈನಿಯ ಪಾಲು. ಸೊಲ್ಲಾಪುರದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಗಂಡ ಒಂದು ಕಟಿಂಗ್ ಮಷೀನು ತಂದಿದ್ದರು. ಗುಂಡಿ ಬಿಟ್ಟರೂ ಅದರ ಹಲ್ಲಿನ ಚಕ್ರ ಬಹಳ ಹೊತ್ತು ತಿರುಗುತ್ತಲೇ ಇರುತ್ತಿತ್ತು. ಒಂದು ಮಧ್ಯಾಹ್ನ, ನಿಂತಿತೆಂದು ತಿಳಿದು ಅವರು ಪುಡಿ ಸರಿಸಲು ಕೈ ಚಾಚಿದರು. ಬಲಗೈಯ ಎರಡು ಬೆರಳು ಹೋದವು.

ಗಾಯ ಮಾಯಿತು, ಹೆದರಿಕೆ ಹೋಗಲಿಲ್ಲ. ಬೇರೆಲ್ಲೋ ಮಷೀನಿನ ಸದ್ದು ಕೇಳಿದರೂ ಅವರು ಎದ್ದು ಒಳಗೆ ಹೋಗುತ್ತಿದ್ದರು. ಬಸವನ ಬಾಗೇವಾಡಿಯಿಂದ ಬಂದ ಅವರ ಹಿರಿಯಣ್ಣ, ಸಾಮಾನು ಮಾರಿ ಚಾದಂಗಡಿ ಇಡು ಎಂದರು. ವೈನಿ ಹೂಂ ಅನ್ನಲಿಲ್ಲ. ಮನೆಯ ಮೋಟರ್‌ಸೈಕಲ್ಲನ್ನೇ ಮಾರಿ, ಸೊಲ್ಲಾಪುರಕ್ಕೆ ಹೋಗಿ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ತುಟ್ಟಿಯ ಕಟಿಂಗ್ ಮಷೀನು ತಂದರು.

ಸುದ್ದಿ ತಿಳಿದು ಹಿರಿಯಣ್ಣ ಮತ್ತೆ ಬಂದರು. ಓಣಿಗೆಲ್ಲ ಕೇಳುವಂತೆ ಕೂಗಾಡಿದರು.

"ಈ ರೊಕ್ಕದಾಗ ಹಳೇದರಂಥಾವು ನಾಕ್ ಬರ್ತಿದ್ವು! ಬರೇ ಕಂಪನಿ ಹೆಸರಿಗೆ ಸುರುವಿ ಬಂದೀಯಲ್ಲ!"

"ನಾಕ್ ಬರ್ತಿದ್ವು, ಖರೇ ಐತ್ರಿ ಭಾವಾರ," ಎಂದರು ವೈನಿ. "ಬೆರಳು ಯಾವ ಅಂಗಡಿಯಾಗ ಸಿಗ್ತಾವ, ಅದನ್ನೂ ಹೇಳಿ ಹೋಗ್ರಿ."

ಅಷ್ಟು ಹೇಳಿ ಗುಂಡಿ ಒತ್ತಿದರು. ಮಷೀನು ಅಬ್ಬರಿಸಿತು. ಕೈ ಬಿಟ್ಟರು. ಚಕ್ರ ಗಪ್ಪನೆ ನಿಂತಿತು. ಬಾಗಿಲ ಮರೆಯಲ್ಲಿದ್ದ ಗಂಡ ಅದನ್ನು ನೋಡಿದರು.

ತೂತು ಕೊರೆಯುವ ಡ್ರಿಲ್ಲು ಮಾತ್ರ ಹಳೆಯದೇ. ಅದನ್ನೂ ಯಾಕೆ ಬದಲಿಸಲಿಲ್ಲ ಎಂದು ಕೇಳಿದ್ದಕ್ಕೆ ವೈನಿ ನನಗೇ ಬೈದರು: "ಎಲ್ಲಾ ತುಟ್ಟೀದ ತರಾಕ ನನಗೇನ್ ಹುಚ್ಚ ಹಿಡದೈತೇನ? ಕೈ ಕಡಿಯೂದಕ್ಕಷ್ಟ ರೊಕ್ಕ ಹಾಕಬೇಕ."

ಮಷೀನು ಬಂತು, ಕೆಲಸ ಬರಲಿಲ್ಲ. ಹೆಂಗಸು ಕೊಯ್ದ ಬಾಗಿಲು ಯಾರಿಗೂ ಬೇಡವಾಗಿತ್ತು. ಆಗ ನಮ್ಮ ಮನೆ ಹೊಸದಾಗಿ ಕಟ್ಟುತ್ತಿದ್ದೆವು. ಬಾಗಿಲಿನ ಕೆಲಸ ವೈನಿಗೇ ಕೊಡೋಣ ಎಂದೆ. ಅತ್ತೆ ಸಿಟ್ಟಾದರು.

"ತಲಬಾಗಿಲಕ್ಕ ಹೆಣ್ಣಿನ ಕೈ ಹಚ್ಚಸ್ತಿಯೇನ?"

"ಆ ಹೊಸ್ತಿಲಕ್ಕ ದಿನಾ ರಂಗೋಲಿ ಹಾಕೂದು ಯಾರ ಕೈರಿ ಅತ್ತಿ?"

ಅಷ್ಟು ಎದುರುತ್ತರ ನಾನು ಅದಕ್ಕೂ ಮೊದಲು ಕೊಟ್ಟಿರಲಿಲ್ಲ. ಅತ್ತೆ ಮೂರು ದಿನ ಮಾತು ಬಿಟ್ಟರು. ನಾನು ಕೆಲಸ ವೈನಿಗೇ ಒಪ್ಪಿಸಿ ಬಂದೆ.

ವೈನಿಯ ಗಂಡ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಗುರುತು ಹಾಕಿದರು. ವೈನಿ ಮಷೀನು ಹಿಡಿದರು. ಒಮ್ಮೆ ಗುಂಡಿ ಒತ್ತಿದರು. ಗುಂಡಿ ಬಿಟ್ಟರು, ನಿಂತಿತು. ಹಲ್ಲು ಕಚ್ಚಿ ಮತ್ತೆ ಒತ್ತಿದರು... ಬಾಗಿಲು ಸಂದಿಲ್ಲದೆ ಕೂತಿತು. ಅದನ್ನು ನೋಡಿದವರು ತಾಂಬಾದಿಂದ, ಲಚ್ಯಾಣದಿಂದ ಹುಡುಕಿಕೊಂಡು ಬಂದರು. ಎಷ್ಟೋ ವರ್ಷ ಆ ಅಂಗಳ ಖಾಲಿ ಇರಲಿಲ್ಲ.

ಹೋದ ವರ್ಷ ಜ್ವರವೆಂದು ಮಲಗಿದ ವೈನಿ ಏಳಲೇ ಇಲ್ಲ.

ಮಣ್ಣು ಮಾಡಿ ಬಂದ ಮೇಲೆ ಹಿರಿಯಣ್ಣ, ಇನ್ನಾದರೂ ಮಷೀನು ಮಾರು ಎಂದರು. ಎಂದೂ ಅಣ್ಣನೆದುರು ತಲೆ ಎತ್ತದಿದ್ದ ಆ ಮನುಷ್ಯ, "ಮಾರೂದಿಲ್ಲ. ನಾನ ದುಡೀತೇನಿ," ಎಂದರು. ಕೆಲವು ತಿಂಗಳು ಬಾಗಿಲು ಹಾಕಿಯೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ಗೋಡೆಯಾಚೆ ಸದ್ದು ಕೇಳಿ ಓಡಿದೆ. ಬೆವರು ಸುರಿಸುತ್ತ, ಉಳಿದ ಬೆರಳುಗಳಲ್ಲೇ ಹಿಡಿದು, ಅವರೇ ಕೊಯ್ಯುತ್ತಿದ್ದರು.

ಅಷ್ಟು ತುಟ್ಟಿಯ ಮಷೀನು ಬೇಕೇನು ಎಂದು ಈಗಲೂ ಕೇಳುವವರಿದ್ದಾರೆ. ಬೇಕು ಅನ್ನುತ್ತೇನೆ. ವಾದಕ್ಕೆ ಬಂದರೆ ವಾದಕ್ಕೂ ನಿಲ್ಲುತ್ತೇನೆ. ಆದರೆ ಮಷೀನು ನಿಂತ ಮೇಲೆ ಅಂಗಳ ಸುಮ್ಮನಾಗುತ್ತದಲ್ಲ, ಆಗ "ಬಾರವಾ, ಚಾ ಕುಡದು ಹೋಗು" ಎಂದು ಕೂಗುತ್ತಿದ್ದವರು ಇಲ್ಲ...